ದಪ್ಪ ಪುಸ್ತಕ, ಪುಟ್ಟ ಕಿವಿ: ನೂರು ವರ್ಷ ಹಳೆಯ ಮಕ್ಕಳ ಕಾದಂಬರಿಯನ್ನು ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳುವ ಬಗೆ

ಕೆಲವು ವರ್ಷಗಳ ಹಿಂದೆ ಪುಸ್ತಕ ಪ್ರದರ್ಶನವೊಂದರಲ್ಲಿ ಮಗಳಿಗೆಂದು ‘ದಿ ಸೀಕ್ರೆಟ್ ಗಾರ್ಡನ್’ ಕೊಂಡು ತಂದೆ. ಗಟ್ಟಿ ರಟ್ಟು, ಹೊಳೆಯುವ ಮುಖಪುಟ, ನೂರು ಪುಟಕ್ಕೂ ಕಡಿಮೆ. ಮೂರೇ ರಾತ್ರಿಯಲ್ಲಿ ಮುಗಿಯಿತು. ‘ಅಷ್ಟೇನಾ?’ ಎಂದಳು ಮಗಳು. ಅನುಮಾನ ಬಂದು ಮೂಲವನ್ನು ತೆರೆದು ನೋಡಿದರೆ ಅಲ್ಲಿ 27 ಅಧ್ಯಾಯಗಳಿದ್ದವು. ರಾಬಿನ್ ಹಕ್ಕಿ ದಿನಗಟ್ಟಲೆ ಕಥೆಯ ಹುಡುಗಿ ಮೇರಿಯ ಸುತ್ತ ಸುಳಿದಾಡಿ, ಅವಳ ಸ್ನೇಹ ಮಾಡಿ, ಕೊನೆಗೆ ನಾಯಿ ಕೆದರಿದ ಮಣ್ಣಿನ ಗುಡ್ಡೆಯ ಮೇಲೆ ಕುಪ್ಪಳಿಸಿದಾಗ ಅವಳ ಕಣ್ಣಿಗೆ ತುಕ್ಕು ಹಿಡಿದ ಬಳೆಯಂಥದ್ದೊಂದು ಬೀಳುತ್ತದೆ. ಅದೇ ಮುಚ್ಚಿಟ್ಟ ತೋಟದ ಬೀಗದ ಕೈ. ನಾನು ಕೊಂಡ ಪುಸ್ತಕದಲ್ಲಿ ಆ ಕೈ ಒಂದೇ ವಾಕ್ಯದಲ್ಲಿ ಸಿಕ್ಕಿಬಿಟ್ಟಿತ್ತು. ಕಾಯುವುದೇ ಆ ಕಥೆಯ ಜೀವ. ಮೊಟಕು ಮಾಡಿದವರು ತೆಗೆದುಹಾಕಿದ್ದು ಅದನ್ನೇ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಬಂದಿತು. ಹಳೆಯ ಕಾದಂಬರಿಯನ್ನು ಪೂರ್ಣ ರೂಪದಲ್ಲೇ ತರುವುದು, ದಿನಕ್ಕಿಷ್ಟು ಎಂದು ಕನ್ನಡದಲ್ಲಿ ಓದಿ ಹೇಳುವುದು, ಎಲ್ಲಿಯಾದರೂ ಕಡಿತ ಬೇಕಾದರೆ ಅದನ್ನು ಮಗುವಿನ ಮುಖ ನೋಡಿಕೊಂಡು ನಾವೇ ಮಾಡುವುದು. ಈ ಪುಸ್ತಕಗಳಲ್ಲಿ ಹಲವು ಹುಟ್ಟಿದ್ದೇ ಹಾಗೆ ಕಂತುಕಂತಾಗಿ, ಕಿವಿಯ ಮೂಲಕ. 1862ರ ಜುಲೈ 4ರಂದು ಥೇಮ್ಸ್ ನದಿಯ ದೋಣಿಯಲ್ಲಿ ಮೂವರು ಹುಡುಗಿಯರಿಗೆ ಲೂಯಿಸ್ ಕ್ಯಾರಲ್ ಹೇಳಿದ ಕಥೆ ‘ಆಲಿಸ್’ ಆಯಿತು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮರಿನಲ್ಲಿ ಮಳೆ ಹಿಡಿದು ಕೂತಿದ್ದಾಗ ಸ್ಟೀವನ್‌ಸನ್ ತನ್ನ ಮಲಮಗನೊಂದಿಗೆ ಒಂದು ದ್ವೀಪದ ನಕಾಶೆ ಬರೆದು, ದಿನವೂ ಬರೆದ ಅಧ್ಯಾಯವನ್ನು ಮನೆಯವರಿಗೆ ಓದಿ ಹೇಳುತ್ತ ಹೋದದ್ದು ‘ಟ್ರೆಷರ್ ಐಲೆಂಡ್’ ಆಯಿತು. ಆದ್ದರಿಂದ ರಾತ್ರಿ ಊಟದ ನಂತರ ಚಾಪೆಯ ಮೇಲೆ ಕೂತು ಕಂತಿನಲ್ಲಿ ಕೇಳುವುದು ಇವುಗಳಿಗೆ ಹೊಸ ಉಪಚಾರವೇನಲ್ಲ.

ಮುಂದಿನ ಹಂತಗಳನ್ನು ಇಂಗ್ಲಿಷ್ ಓದಬಲ್ಲ, ಕನ್ನಡದಲ್ಲಿ ಕಥೆ ಹೇಳಬಲ್ಲ ಯಾರು ಬೇಕಾದರೂ ಅನುಸರಿಸಬಹುದು. ಹೊರದೇಶದಲ್ಲಿದ್ದು, ಮನೆಮಾತು ಅರ್ಥವಾದರೂ ಕನ್ನಡ ಓದಲು ಬಾರದ ಮಕ್ಕಳಿರುವ ಮನೆಗಳಿಗೆ ಇದು ಇನ್ನೂ ಹೆಚ್ಚು ಒದಗುತ್ತದೆ.

ಮೊದಲ ಹಂತ: ಪುಸ್ತಕವನ್ನು ಆರಿಸುವುದು

ಎಲ್ಲರೂ ‘ಆಲಿಸ್’ನಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ ಎಂಬುದು ನನ್ನ ಮೊದಲ ಸಲಹೆ. ಅದರಲ್ಲಿ ಕಥೆಗಿಂತ ಮಾತಿನ ಆಟವೇ ಹೆಚ್ಚಾಗಿರುವುದರಿಂದ ಓದಿ ಹೇಳುವವರ ನಾಲಿಗೆ ಮೊದಲು ಬೇರೆ ಕಡೆ ಪಳಗಿರಬೇಕು.

ಐದಾರು ವರ್ಷದ ಮಗುವಾದರೆ ಕಿಪ್ಲಿಂಗನ 1894ರ ‘ದಿ ಜಂಗಲ್ ಬುಕ್’ನಲ್ಲಿರುವ ರಿಕ್ಕಿ-ಟಿಕ್ಕಿಯ ಕಥೆ ಒಳ್ಳೆಯ ಬಾಗಿಲು. ಎರಡು ಮೂರು ರಾತ್ರಿಯಲ್ಲಿ ಮುಗಿಯುತ್ತದೆ. ಮುಂಗುಸಿ ಯಾರು, ನಾಗರಹಾವು ಯಾರು, ಅವೆರಡಕ್ಕೂ ಏಕೆ ಆಗದು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಆ ಪುಸ್ತಕ ಪೂರ್ತಿ ಮೌಗ್ಲಿಯದೆಂದು ನಂಬಿ ಕೊಂಡವರು ಬೇಸರಪಡುವುದುಂಟು. ಅದರ ಏಳು ಕಥೆಗಳಲ್ಲಿ ಮೌಗ್ಲಿ ಇರುವುದು ಮೂರರಲ್ಲಿ ಮಾತ್ರ.

ಏಳೆಂಟು ವರ್ಷಕ್ಕೆ ಆನಾ ಸೂಯೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ (1877) ಹೊಂದುತ್ತದೆ. ಕುದುರೆಯೇ ತನ್ನ ಕಥೆ ಹೇಳಿಕೊಳ್ಳುತ್ತದೆ, 49 ಅಧ್ಯಾಯಗಳಿದ್ದರೂ ಒಂದೊಂದೂ ಚಿಕ್ಕದು, ರಾತ್ರಿಗೊಂದರಂತೆ ಸರಾಗವಾಗಿ ಸಾಗುತ್ತದೆ. ಲಗಾಮು, ಜೀನು, ಲಾಳ, ಕಡಿವಾಣ, ಚಾವಟಿ ಎಂದು ಜಟಕಾ ಕಾಲದ ಕನ್ನಡ ಮಾತುಗಳೆಲ್ಲ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಆದರೆ ಜಿಂಜರ್ ಎಂಬ ಹೆಣ್ಣುಕುದುರೆ 40ನೆಯ ಅಧ್ಯಾಯದಲ್ಲಿ ಸಾಯುತ್ತದೆ. ಅದನ್ನು ಮಲಗುವ ಹೊತ್ತಿಗೆ ಓದದೆ, ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಹತ್ತು ದಾಟಿದವರಿಗೆ ‘ಟ್ರೆಷರ್ ಐಲೆಂಡ್’. ಕಡಲ ದಂಡೆಯ ಹೋಟೆಲಿಗೆ ಮುದಿ ನಾವಿಕನೊಬ್ಬ ಪೆಟ್ಟಿಗೆ ಸಮೇತ ಬಂದಿಳಿಯುವ ಮೊದಲ ಆರು ಅಧ್ಯಾಯಗಳಷ್ಟು ಗಟ್ಟಿ ಓದಿಗೆ ಹೇಳಿ ಮಾಡಿಸಿದ ಬರಹವನ್ನು ನಾನು ಬೇರೆ ಕಂಡಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ಲಿಯವರೆಗೆ ‘ನಾನು’ ಎಂದು ಕಥೆ ಹೇಳುತ್ತಿದ್ದವನು ಹುಡುಗ ಜಿಮ್. 16ರಿಂದ 18ರವರೆಗಿನ ಅಧ್ಯಾಯಗಳಲ್ಲಿ ‘ನಾನು’ ಎನ್ನುವವನು ಡಾಕ್ಟರು. ಪುಟದ ಮೇಲೆ ಶೀರ್ಷಿಕೆಯಲ್ಲಿ ಅದು ಕಾಣುತ್ತದೆ, ಕಿವಿಗೆ ಕಾಣುವುದಿಲ್ಲ. ‘ಇನ್ನು ಮೂರು ಕಂತು ಡಾಕ್ಟರು ಹೇಳುತ್ತಾರೆ’ ಎಂದು ಮೊದಲೇ ಹೇಳಿಬಿಡಿ.

ಇವೆರಡರ ನಡುವಿನ ವಯಸ್ಸಿಗೆ, ಅಂದರೆ ಎಂಟರಿಂದ ಹತ್ತಕ್ಕೆ, ನನ್ನ ಆಯ್ಕೆ ಫ್ರಾನ್ಸಿಸ್ ಹಾಜ್ಸನ್ ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ (1911). ಭಾರತದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮೇರಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಂಗಲೆಯೊಂದಕ್ಕೆ ಬಂದು, ಬೀಗ ಹಾಕಿದ ತೋಟವನ್ನು ಕಂಡುಕೊಳ್ಳುವ ಕಥೆ ಅದು. ಮುಂದಿನ ಹಂತಗಳಿಗೆ ಬಹುಪಾಲು ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಎರಡನೆಯ ಹಂತ: ಪ್ರತಿ ಪೂರ್ಣವಾಗಿದೆಯೇ ಎಂದು ನೋಡುವುದು

ಮುಖಪುಟದ ಚಿತ್ರವನ್ನು ನಂಬಬೇಡಿ. ಒಳಗಿನ ಶೀರ್ಷಿಕೆ ಪುಟವನ್ನು ತೆರೆಯಿರಿ. ‘ಅಬ್ರಿಡ್ಜ್ಡ್’, ‘ರೀಟೋಲ್ಡ್’, ‘ಅಡಾಪ್ಟೆಡ್’ ಎಂದಿದ್ದರೆ ಅದು ಮೊಟಕು ಮಾಡಿದ್ದು. ‘ಅನಬ್ರಿಡ್ಜ್ಡ್’ ಎಂದಿದ್ದರೆ ಪೂರ್ಣ ಪಠ್ಯ. ಏನೂ ಬರೆದಿರದಿದ್ದರೆ ಅಧ್ಯಾಯಗಳನ್ನು ಎಣಿಸಿ. ‘ಸೀಕ್ರೆಟ್ ಗಾರ್ಡನ್’ಗೆ 27, ‘ಆಲಿಸ್’ಗೆ 12, ‘ಟ್ರೆಷರ್ ಐಲೆಂಡ್’ಗೆ 34, ‘ಪಿನೋಕಿಯೊ’ಗೆ 36, ‘ಹೈಡಿ’ಗೆ ಎರಡು ಭಾಗ ಸೇರಿ 23, ‘ದಿ ವಿಂಡ್ ಇನ್ ದಿ ವಿಲ್ಲೋಸ್’ಗೆ 12 ಇರಬೇಕು. ಕೊನೆಯದರಲ್ಲಿ ಇನ್ನೊಂದು ಪರೀಕ್ಷೆಯಿದೆ: ಕಳೆದುಹೋದ ನೀರುನಾಯಿ ಮರಿಯನ್ನು ಹುಡುಕುತ್ತ ಇಲಿ ಮತ್ತು ಮೋಲ್ ಎಂಬ ಬಿಲ ತೋಡುವ ಪ್ರಾಣಿ ಬೆಳಗಿನ ಜಾವದಲ್ಲಿ ಕೊಳಲಿನ ದನಿ ಕೇಳುವ ಏಳನೆಯ ಅಧ್ಯಾಯ ಉಳಿದಿದೆಯೇ ನೋಡಿ. ಕಥೆಯ ಓಟಕ್ಕೆ ಅದು ಬೇಕಿಲ್ಲವೆಂದು ಮೊಟಕು ಮಾಡುವವರು ಮೊದಲು ಕೈಬಿಡುವುದು ಅದನ್ನೇ.

ದುಡ್ಡು ಕೊಡಲೇಬೇಕೆಂದೇನೂ ಇಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಬರ್ನೆಟ್ ತೀರಿಕೊಂಡದ್ದು 1924ರಲ್ಲಿ, ಸ್ಟೀವನ್‌ಸನ್ 1894ರಲ್ಲಿ, ಕಿಪ್ಲಿಂಗ್ 1936ರಲ್ಲಿ. ಇವರ ಪುಸ್ತಕಗಳ ಪೂರ್ಣ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸ್ವಯಂಸೇವಕರು ಓದಿದ ಧ್ವನಿಮುದ್ರಣಗಳು ಲಿಬ್ರಿವಾಕ್ಸ್‌ನಲ್ಲಿವೆ. ಹೆಸರುಗಳ ಉಚ್ಚಾರಣೆ ತಿಳಿಯದಿದ್ದರೆ ಐದು ನಿಮಿಷ ಅಲ್ಲಿ ಕೇಳಿಕೊಳ್ಳಬಹುದು. ಓದಿ ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು ಅಂತರಜಾಲಕ್ಕೆ ಏರಿಸುವ ಯೋಚನೆ ಇದ್ದರೆ ಮಾತ್ರ ಇನ್ನೊಂದು ವಿಷಯ ಗಮನಿಸಿ: ಮೂಲ ಪಠ್ಯ ಮುಕ್ತವಾಗಿದ್ದರೂ ಇತ್ತೀಚಿನ ಅನುವಾದಕ್ಕೂ ಚಿತ್ರಗಳಿಗೂ ಬೇರೆ ಹಕ್ಕುಗಳಿರುತ್ತವೆ. ‘ವಿನ್ನಿ-ದ-ಪೂ’ ಬರೆದ ಮಿಲ್ನ್ 1956ರಲ್ಲಿ ತೀರಿಕೊಂಡರು, ಅದಕ್ಕೆ ಚಿತ್ರ ಬರೆದ ಶೆಪರ್ಡ್ 1976ರಲ್ಲಿ. ಹೀಗಾಗಿ ಭಾರತದಲ್ಲಿ ಆ ಮಾತುಗಳು ಮುಕ್ತ, ಆ ಕರಡಿಯ ಚಿತ್ರಗಳು 2036ರ ಕೊನೆಯವರೆಗೆ ಮುಕ್ತವಲ್ಲ.

ಮೂರನೆಯ ಹಂತ: ಲೆಕ್ಕ ಹಾಕುವುದು

‘ಸೀಕ್ರೆಟ್ ಗಾರ್ಡನ್’ ಸುಮಾರು 80,000 ಪದಗಳ ಪುಸ್ತಕ, ಅಂದರೆ ಅಧ್ಯಾಯಕ್ಕೆ ಸುಮಾರು 3,000. ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದರೆ ಒಂದು ಅಧ್ಯಾಯಕ್ಕೆ ಇಪ್ಪತ್ತು ನಿಮಿಷ ಸಾಕು. ಕಣ್ಣಿನಲ್ಲಿ ಇಂಗ್ಲಿಷ್ ಓದುತ್ತ ಬಾಯಲ್ಲಿ ಕನ್ನಡ ಹೇಳಿದರೆ ನನಗೆ ಮೂವತ್ತೈದು ನಿಮಿಷ ಹಿಡಿಯುತ್ತದೆ. ನಡುವೆ ಪ್ರಶ್ನೆಗಳು ಬೇರೆ. ರಾತ್ರಿಗೆ ಅರ್ಧ ಅಧ್ಯಾಯ ಎಂದಿಟ್ಟುಕೊಂಡರೆ 54 ರಾತ್ರಿ, ನೆಂಟರು, ಜ್ವರ, ಪರೀಕ್ಷೆ ಎಲ್ಲ ಕಳೆದರೆ ಎರಡೂವರೆ ತಿಂಗಳು. ಇದನ್ನು ಮಗುವಿಗೂ ಮೊದಲೇ ಹೇಳಿ. ‘ದಸರಾಕ್ಕೆ ಶುರು ಮಾಡಿದರೆ ಸಂಕ್ರಾಂತಿಗೆ ಮೊದಲು ಮುಗಿಯುತ್ತದೆ’ ಎಂದರೆ ಅದಕ್ಕೆ ಒಂದು ಅಳತೆ ಸಿಗುತ್ತದೆ.

ನಾಲ್ಕನೆಯ ಹಂತ: ಹಗಲಿನ ಸಿದ್ಧತೆ

ಆ ರಾತ್ರಿಯ ಆರೇಳು ಪುಟಗಳನ್ನು ಹಗಲಲ್ಲೇ ಒಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ. ಕೈಯಲ್ಲಿ ಪೆನ್ಸಿಲ್ ಇರಲಿ. ಗುರುತು ಹಾಕಬೇಕಾದದ್ದು ಕಷ್ಟದ ಪದಗಳಿಗಿಂತ ಉದ್ದದ ವಾಕ್ಯಗಳಿಗೆ. ಈ ಕಾಲದ ಇಂಗ್ಲಿಷ್ ಲೇಖಕರು ಒಂದು ವಾಕ್ಯದಲ್ಲಿ ಐದಾರು ಉಪವಾಕ್ಯಗಳನ್ನು ಪೋಣಿಸಿ ಕ್ರಿಯಾಪದವನ್ನು ಮೊದಲೇ ಹೇಳಿಬಿಡುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕಾದ್ದರಿಂದ ಅದೇ ವಾಕ್ಯವನ್ನು ಹಾಗೆಯೇ ಹಿಡಿದು ಹೊರಟರೆ ‘ಇರುವಂಥ, ಮಾಡಿದಂಥ, ಹೋಗಿದ್ದಂಥ’ ಎಂದು ನಾಲಿಗೆ ಸಿಕ್ಕಿಕೊಂಡು ಮಗು ಆಕಳಿಸುತ್ತದೆ. ಎಲ್ಲಿ ಒಡೆಯಬೇಕೆಂದು ಒಂದು ಗೀಟು ಹಾಕಿಟ್ಟುಕೊಂಡರೆ ಸಾಕು. ಇನ್ನೊಂದು ಗುರುತು ಸಂಭಾಷಣೆಗೆ. ಇಂಗ್ಲಿಷಿನಲ್ಲಿ ಮಾತು ಮೊದಲು, ಹೇಳಿದವರ ಹೆಸರು ಆಮೇಲೆ. ಕೇಳುವ ಮಗುವಿಗೆ ಹೆಸರು ಮೊದಲು ಬೇಕು. ‘ಮಾರ್ಥಾ ಹೇಳಿದಳು’ ಎಂದು ಮುಂದಿಟ್ಟುಕೊಂಡೇ ಮಾತು ಶುರು ಮಾಡಿ.

ಕಂತು ಎಲ್ಲಿ ನಿಲ್ಲಬೇಕೆಂಬುದನ್ನೂ ಆಗಲೇ ನಿರ್ಧರಿಸಿ. ಅಧ್ಯಾಯದ ಅರ್ಧವೆಂದರೆ ಪುಟ ಎಣಿಸಿ ಅರ್ಧವಲ್ಲ. ಬಾಗಿಲು ತೆರೆಯುವ ಮೊದಲೋ, ಯಾರೋ ಅಳುವ ಸದ್ದು ಎರಡನೆಯ ಸಲ ಕೇಳಿಸಿದ ಮೇಲೋ ನಿಲ್ಲಿಸಬೇಕು.

ಐದನೆಯ ಹಂತ: ನಾಲಿಗೆಯ ಮೇಲಿನ ಅನುವಾದ

ಇಲ್ಲಿಯೇ ನಿಜವಾದ ಕೆಲಸ. ಎಷ್ಟನ್ನು ಅಲ್ಲಿಯದಾಗಿ ಉಳಿಸಬೇಕು, ಎಷ್ಟನ್ನು ನಮ್ಮದಾಗಿಸಬೇಕು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಹಿಂದೆಯೇ ದಿಟ್ಟ ಉತ್ತರಗಳು ಬಂದಿವೆ. ಇಂಗ್ಲಿಷ್ ಕವಿ ಬ್ರೌನಿಂಗನ 1842ರ ಪದ್ಯದ ಹ್ಯಾಮ್ಲಿನ್ ಊರು ಕುವೆಂಪು ಅವರ ಕೈಯಲ್ಲಿ ತುಂಗೆಯ ತೀರದ ಬೊಮ್ಮನಹಳ್ಳಿಯಾಯಿತು, ಬಣ್ಣಬಣ್ಣದ ಅಂಗಿಯ ಕೊಳಲುಗಾರ ಕಿಂದರಿಜೋಗಿಯಾದ. ನಾ. ಕಸ್ತೂರಿಯವರು ಆಲಿಸಳನ್ನು ಪಾಪಚ್ಚಿಯನ್ನಾಗಿ ಮಾಡಿ ಪಾತಾಳಕ್ಕೆ ಇಳಿಸಿದರು. ಅದು ಕವಿಗಳು, ಹಾಸ್ಯಗಾರರು ಬರೆದು ತಿದ್ದಿ ಮಾಡುವ ರೂಪಾಂತರ. ರಾತ್ರಿ ಒಂಬತ್ತಕ್ಕೆ ನಿದ್ದೆಗಣ್ಣಲ್ಲಿ ಮೇರಿಯನ್ನು ಮೀನಾಕ್ಷಿ ಮಾಡಲು ಹೊರಟರೆ ಹತ್ತನೆಯ ಪುಟದಲ್ಲೇ ಕಥೆ ಕುಸಿಯುತ್ತದೆ, ಏಕೆಂದರೆ ಯಾರ್ಕ್‌ಷೈರಿನ ಚಳಿ, ನೂರು ಕೋಣೆಗಳ ಬಂಗಲೆ, ವಸಂತದಲ್ಲಿ ಮಣ್ಣಿನಿಂದ ಮೂಗು ತೂರಿಸುವ ಗೆಡ್ಡೆಗಳು ಯಾವುವೂ ನಮ್ಮೂರಿಗೆ ಬರುವುದಿಲ್ಲ. ಹೆಸರು, ಊರು, ಹವೆ ಅಲ್ಲಿಯವೇ ಇರಲಿ. ಮಾತಿನ ಧಾಟಿ ಮಾತ್ರ ನಮ್ಮದಾಗಲಿ.

ವಸ್ತುಗಳ ಹೆಸರಿನಲ್ಲಿ ಹಟ ಬೇಡ. ಮೊದಲ ಬೆಳಗ್ಗೆ ಮೇರಿ ತಿನ್ನಲು ಒಲ್ಲೆನೆನ್ನುವ ಪಾರಿಜ್‌ಗೆ ಗಂಜಿ ಎಂದರೆ ಸಾಕು. ಅದರ ಮೇಲೆ ಒಂದಿಷ್ಟು ಸುರಿದುಕೊ ಎಂದು ಕೆಲಸದ ಹುಡುಗಿ ಮಾರ್ಥಾ ಪುಸಲಾಯಿಸುವ ಟ್ರೀಕಲ್‌ಗೆ ಮಲೆನಾಡಿನ ಮನೆಗಳಲ್ಲಿ ಜೋನಿಬೆಲ್ಲ ಎಂದೊಡನೆ ಅರ್ಥವಾಗುತ್ತದೆ. ರಾಬಿನ್ ಹಕ್ಕಿಗೆ ಕನ್ನಡದ ಹೆಸರು ಹುಡುಕಬೇಡಿ, ಮಡಿವಾಳ ಹಕ್ಕಿ ಎನ್ನಲೂಬೇಡಿ; ಕೆಂಪು ಎದೆಯ ಆ ಇಂಗ್ಲಿಷ್ ಹಕ್ಕಿಯೇ ಬೇರೆ. ಒಂದು ಚಿತ್ರ ತೋರಿಸಿ, ರಾಬಿನ್ ಎಂದೇ ಕರೆಯಿರಿ. ‘ಮೂರ್’ ಎಂಬ ಭೂಮಿಯನ್ನು ಮಾತ್ರ ಹಾಗೆ ಬಿಡಲಾಗದು. ನಾನು ಬಿಟ್ಟಿದ್ದೆ. ‘ಬಂಡಿ ಮೂರ್ ದಾಟಿ ಹೋಯಿತು’ ಎಂದೊಡನೆ ‘ಮೂರು ಏನು ದಾಟಿತು?’ ಎಂಬ ಪ್ರಶ್ನೆ ಬಂತು. ಮರಗಳಿಲ್ಲದ, ಕುರುಚಲು ಗಿಡ ಮುಚ್ಚಿದ, ಸದಾ ಗಾಳಿ ಬೀಸುವ ಬೆಟ್ಟದ ಬಯಲು ಎಂದು ಒಮ್ಮೆ ವಿವರಿಸಿ, ಅಲ್ಲಿಂದ ಮುಂದೆ ‘ಕುರುಚಲು ಬಯಲು’ ಎನ್ನುತ್ತ ಹೋದೆ.

ನೀನು ಮತ್ತು ನೀವು ಎಂಬ ಭೇದದಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಒಂದು ಅನುಕೂಲ ಹೆಚ್ಚು. ಯಾರ್ಕ್‌ಷೈರಿನ ಹಳ್ಳಿಗರಾದ ಮಾರ್ಥಾ, ಅವಳ ತಮ್ಮ ಡಿಕನ್, ತೋಟದ ಮುದುಕ ಬೆನ್ ಮೇರಿಯನ್ನು ‘ಥಾ’ ಎನ್ನುತ್ತಾರೆ. ಅದು ಅಪ್ಪಟ ಏಕವಚನ, ನಮ್ಮ ‘ನೀನು’. ದಣಿಯ ಮನೆಯ ಹುಡುಗಿಗೆ ಕೆಲಸದವರು ನೀನು ಎನ್ನುವುದೇ ಮೇರಿಗೆ ಸಿಗುವ ಮೊದಲ ಪೆಟ್ಟು, ಮೊದಲ ಔಷಧವೂ ಹೌದು. ಆದ್ದರಿಂದ ಮಾರ್ಥಾಳ ಬಾಯಲ್ಲಿ ‘ನೀವು’ ಹಾಕಿ ಅವಳನ್ನು ವಿನಯವಂತೆ ಮಾಡಬೇಡಿ. ಮನೆಯ ಮೇಲ್ವಿಚಾರಕಿ ಮೆಡ್ಲಾಕ್ ತನ್ನ ದಣಿಯ ಎದುರು ಮಾತಾಡುವಾಗ ಹಳೇ ಮೈಸೂರಿನ ‘ಬುದ್ಧಿ’ ಎಂಬ ಸಂಬೋಧನೆಯನ್ನು ಇಟ್ಟು ನೋಡಿ. ಆ ಮನೆಯ ಮೇಲುಕೀಳುಗಳೆಲ್ಲ ಒಂದು ಮಾತಿನಲ್ಲಿ ತಿಳಿಯುತ್ತವೆ.

ಆ ಹಳ್ಳಿಗರ ಭಾಷೆಯನ್ನು ಯಾವ ಕನ್ನಡಕ್ಕೆ ತರಬೇಕು? ನಿಮ್ಮ ಮನೆಯ ಹಿರಿಯರ ಹಳ್ಳಿ ಕನ್ನಡಕ್ಕೆ. ಮಂಡ್ಯವಾದರೆ ಮಂಡ್ಯ, ಧಾರವಾಡವಾದರೆ ಧಾರವಾಡ. ಗೊತ್ತಿಲ್ಲದ ಸೀಮೆಯ ಮಾತನ್ನು ಸಿನಿಮಾ ನೋಡಿ ಅನುಕರಿಸಿದರೆ ಅದು ಅಣಕವಾಗುತ್ತದೆ, ಡಿಕನ್ ಹಾಸ್ಯಪಾತ್ರವಾಗಿಬಿಡುತ್ತಾನೆ. ಇಡೀ ಪುಸ್ತಕದಲ್ಲಿ ಅವನಷ್ಟು ತಿಳಿವಳಿಕೆಯವರು ಇನ್ನೊಬ್ಬರಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಮೊದಲ ಸಲ ತೋಟದೊಳಗೆ ಬಂದು, ಸತ್ತಂತೆ ಕಾಣುವ ಗುಲಾಬಿ ಬಳ್ಳಿಯನ್ನು ಚಾಕುವಿನಿಂದ ಕೆತ್ತಿ, ಒಳಗಿನ ಹಸಿರು ತೋರಿಸಿ ‘ವಿಕ್’ ಎನ್ನುತ್ತಾನೆ. ಜೀವ ಇದೆ ಎಂಬುದಕ್ಕೆ ಯಾರ್ಕ್‌ಷೈರಿನ ಮಾತು ಅದು. ನಮ್ಮಲ್ಲೂ ಒಣಗಿದ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ ‘ಇನ್ನೂ ಹಸಿ ಐತೆ’ ಎನ್ನುತ್ತಾರಲ್ಲ, ಅದೇ ಇದು. ನನ್ನ ಮಗಳು ಮರುದಿನ ಮನೆಯ ಕುಂಡಗಳಲ್ಲಿದ್ದ ದಾಸವಾಳವನ್ನೂ ಕರಿಬೇವನ್ನೂ ಕೆರೆದಿಟ್ಟಿದ್ದಳು. ಅದೇ ಅಧ್ಯಾಯದ ಕೊನೆಯ ಹೊತ್ತಿಗೆ ಮೇರಿ ಡಿಕನನನ್ನು ಅವನದೇ ಭಾಷೆಯಲ್ಲಿ ಕೇಳುತ್ತಾಳೆ. ಅಲ್ಲಿಯವರೆಗೆ ಗ್ರಾಂಥಿಕವಾಗಿ ಮಾತಾಡಿಸಿದ ಮೇರಿಯ ಬಾಯಲ್ಲಿ ‘ನಾನಂದ್ರೆ ನಿಂಗೆ ಇಷ್ಟವೇನ್ಲಾ?’ ಎಂದು ಬಂದಾಗ ಏನು ಬದಲಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹದಿಮೂರನೆಯ ಅಧ್ಯಾಯದಲ್ಲಿ ಇನ್ನೊಂದು ಅವಕಾಶ ತಾನಾಗಿ ಒದಗುತ್ತದೆ. ನಿದ್ದೆ ಬಾರದ ಕಾಯಿಲೆಯ ಹುಡುಗ ಕಾಲಿನ್‌ಗೆ ಮೇರಿ, ತನ್ನ ಆಯಾ ಭಾರತದಲ್ಲಿ ಮಾಡುತ್ತಿದ್ದಂತೆ, ಕೈ ತಟ್ಟುತ್ತ ಹಿಂದೂಸ್ತಾನಿಯಲ್ಲಿ ಮೆಲ್ಲಗೆ ಒಂದು ಹಾಡು ಹೇಳುತ್ತಾಳೆ. ಹಾಡು ಯಾವುದೆಂದು ಪುಸ್ತಕ ತಿಳಿಸುವುದಿಲ್ಲ. ಅಲ್ಲಿ ಪುಸ್ತಕ ಮಡಿಚಿಟ್ಟು ನಿಮ್ಮ ಮನೆಯ ಜೋಗುಳವನ್ನೇ ಹಾಡಿ.

ಮಾತಿನ ಆಟಗಳು ಬಂದಾಗ ಅರ್ಥವನ್ನು ಬಿಟ್ಟು ಆಟವನ್ನು ಹಿಡಿಯಬೇಕು. ಇದಕ್ಕೆ ‘ಆಲಿಸ್’ ಹೊರತು ಬೇರೆ ಉದಾಹರಣೆ ಬೇಡ. ಮೂರನೆಯ ಅಧ್ಯಾಯದಲ್ಲಿ ಇಲಿ ತನ್ನ ‘ಟೇಲ್’ ಉದ್ದದ್ದು, ದುಃಖದ್ದು ಎನ್ನುತ್ತದೆ. ಕಥೆ ಎಂಬ ಅರ್ಥದ ಆ ಮಾತನ್ನು ಆಲಿಸ್ ಬಾಲ ಎಂದು ತಿಳಿಯುತ್ತಾಳೆ. ಕನ್ನಡದಲ್ಲಿ ಏನು ಮಾಡುವುದೆಂದು ಒಂದು ಮಧ್ಯಾಹ್ನವೆಲ್ಲ ತಲೆ ಕೆರೆದುಕೊಂಡ ಮೇಲೆ ಹೊಳೆದದ್ದು ಇದು: ಇಲಿ ‘ನನ್ನ ಬಾಲ್ಯದ್ದು ಬಹಳ ಉದ್ದದ, ದುಃಖದ ಕಥೆ’ ಎನ್ನಲಿ, ಆಲಿಸ್ ಅದರ ಹಿಂಭಾಗ ನೋಡುತ್ತ ‘ಬಾಲದ್ದು ಉದ್ದವೇನೋ ನಿಜ, ಆದರೆ ದುಃಖ ಏಕೆ?’ ಎನ್ನಲಿ. ಬಾಲದ ಹಾಗೆ ಅಂಕುಡೊಂಕಾಗಿ ಅಚ್ಚಾಗಿರುವ ಆ ಪದ್ಯದ ಪುಟವನ್ನು ಮಗುವಿಗೆ ತೋರಿಸುವುದನ್ನು ಮರೆಯಬೇಡಿ.

ಅಣಕು ಪದ್ಯಗಳಿಗೂ ಇದೇ ದಾರಿ. ಎರಡನೆಯ ಅಧ್ಯಾಯದ ಮೊಸಳೆಯ ಪದ್ಯ, ಜೇನುಹುಳುವಿನ ಶ್ರಮವನ್ನು ಹೊಗಳುವ ಐಸಾಕ್ ವಾಟ್ಸನ ನೀತಿಪದ್ಯದ ಅಣಕ. ಆ ಕಾಲದ ಇಂಗ್ಲಿಷ್ ಮಕ್ಕಳಿಗೆ ಮೂಲ ಬಾಯಿಪಾಠವಾಗಿದ್ದರಿಂದ ನಗು ಬರುತ್ತಿತ್ತು. ನಮ್ಮ ಮಗುವಿಗೆ ಬಾಯಿಪಾಠವಿರುವುದು ‘ಒಂದು ಎರಡು ಬಾಳೆಲೆ ಹರಡು’. ಹಾಗಾಗಿ ನಮ್ಮ ಮನೆಯ ಮೊಸಳೆ ಹೀಗೆ ಹಾಡಿತು:

ಒಂದು ಎರಡು, ಬಾಲವ ಹರಡು,
ಮೂರು ನಾಕು, ಮೀನನು ನೂಕು,
ಐದು ಆರು, ಬಾಯಲಿ ನೀರು,
ಏಳು ಎಂಟು, ಹಲ್ಲಿಗೆ ಅಂಟು,
ಒಂಬತ್ತು ಹತ್ತು, ಬಾ ಒಂದೇ ತುತ್ತು!

ಆಲಿಸ್‌ಗೆ ಪದ್ಯ ತಪ್ಪಿಹೋಗಿ ಅಳು ಬರುವುದು ಏಕೆಂದು ಮಗಳಿಗೆ ಆಗಲೇ ಅರ್ಥವಾಯಿತು. ಛಂದಸ್ಸು ಕೆಟ್ಟರೂ ಚಿಂತೆಯಿಲ್ಲ, ಮೂಲ ಹಾಡು ಗುರುತು ಸಿಗಬೇಕು, ಅಷ್ಟೇ.

ಆರನೆಯ ಹಂತ: ಮುಜುಗರದ ಪುಟಗಳು

‘ಸೀಕ್ರೆಟ್ ಗಾರ್ಡನ್’ ಶುರುವಾಗುವುದು ಬ್ರಿಟಿಷರ ಕಾಲದ ಭಾರತದಲ್ಲಿ. ಕಾಲರಾ ಬಂದು ಬಂಗಲೆಯಲ್ಲಿ ಯಾರೂ ಉಳಿಯದೆ, ಹುಡುಗಿಯೊಬ್ಬಳೇ ಸಿಕ್ಕುತ್ತಾಳೆ. ಮೊದಲ ಪುಟಗಳಲ್ಲೇ ಅವಳು ಕೆಲಸದವಳನ್ನು ಹಂದಿ, ಹಂದಿಯ ಮಗಳು ಎಂದು ಬಯ್ಯುತ್ತಾಳೆ. ನಾಲ್ಕನೆಯ ಅಧ್ಯಾಯದಲ್ಲಿ ಭಾರತೀಯರು ಮನುಷ್ಯರೇ ಅಲ್ಲ, ಸಲಾಂ ಹೊಡೆಯುವ ಆಳುಗಳು ಎಂದು ಚೀರುತ್ತಾಳೆ. ನಮ್ಮ ಮಗುವಿಗೆ ಇದನ್ನು ಓದಿ ಹೇಳುವಾಗ ಗಂಟಲು ಕಟ್ಟುವುದು ಸಹಜ.

ಬಿಟ್ಟು ಮುಂದೆ ಹೋಗುವುದು ಸುಲಭ, ಆದರೆ ಹಾಗೆ ಮಾಡಿದರೆ ಮೇರಿ ಎಷ್ಟು ಕೆಟ್ಟು ಹೋಗಿದ್ದಳೆಂಬುದೇ ತಿಳಿಯುವುದಿಲ್ಲ. ನಾನು ಓದಿದೆ, ಓದಿ ನಿಲ್ಲಿಸಿದೆ. ‘ಆ ಆಯಾ ಹೆಸರೇನು?’ ಎಂದು ಮಗಳು ಕೇಳಿದಳು. ಪುಸ್ತಕದಲ್ಲಿ ಆ ಹೆಸರು ಬರುವುದು ಒಮ್ಮೆ ಮಾತ್ರ, ಸೈಡೀ ಎಂದು, ಅದೂ ಮೇರಿ ಬಯ್ಯಲು ಹೊರಟಾಗ. ರಾಬಿನ್ ಹಕ್ಕಿಯ ಮನಸ್ಸಿನಲ್ಲೇನಿದೆ ಎಂದು ಪುಟಗಟ್ಟಲೆ ಬರೆದ ಲೇಖಕಿಗೆ ಆ ಹೆಂಗಸಿನ ಹೆಸರನ್ನು ಇನ್ನೊಮ್ಮೆ ಹೇಳಬೇಕೆನ್ನಿಸಲಿಲ್ಲ ಎಂದು ಹಾಗೆಯೇ ಹೇಳಿದೆ. ಉಪನ್ಯಾಸ ಕೊಡುವುದಕ್ಕಿಂತ ಇಂಥ ಒಂದು ಸಂಗತಿ ತೋರಿಸುವುದು ಸಾಕು. ಬೇರೆ ಬಗೆಯ ಅಜ್ಞಾನವೂ ಅಲ್ಲಿದೆ, ಅದು ನಗಿಸುತ್ತದೆ: ಆನೆ, ಹುಲಿ, ಒಂಟೆಗಳೆಲ್ಲ ಇರುವ ಇಂಡಿಯಾದಲ್ಲಿ ಸ್ಕಿಪ್ಪಿಂಗ್ ಹಗ್ಗ ಇಲ್ಲವೇ ಎಂದು ಮಾರ್ಥಾ ಬೆರಗಾಗುತ್ತಾಳೆ.

ಕ್ರೌರ್ಯದ ಪುಟಗಳ ಬಗ್ಗೆ ಒಂದು ಮಾತು. ‘ಪಿನೋಕಿಯೊ’ವನ್ನು ಸಿನಿಮಾ ನೋಡಿ ಆರಿಸಿದವರು ಬೆಚ್ಚುತ್ತಾರೆ. ಮಾತಾಡುವ ಚಿಮ್ಮುಂಡೆ ನಾಲ್ಕನೆಯ ಅಧ್ಯಾಯದಲ್ಲೇ ಸುತ್ತಿಗೆಯ ಏಟಿಗೆ ಸಾಯುತ್ತದೆ. 1881ರಲ್ಲಿ ರೋಮಿನ ಮಕ್ಕಳ ಪತ್ರಿಕೆಯಲ್ಲಿ ಕಂತಾಗಿ ಬಂದಾಗ ಅದರ ಲೇಖಕ ಕೊಲ್ಲೋದಿ ಹದಿನೈದನೆಯ ಅಧ್ಯಾಯಕ್ಕೆ ಗೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿಸಿ ಕಥೆ ಮುಗಿಸಿದ್ದ. ಓದುಗರ ಒತ್ತಾಯದಿಂದ ಮುಂದುವರಿದು 36 ಅಧ್ಯಾಯವಾಯಿತು. ಆ ಹದಿನೈದನ್ನು ಓದಿದ ರಾತ್ರಿಯೇ ಹದಿನಾರನ್ನೂ ಓದಿಬಿಡಿ. ಗೊಂಬೆ ನೇತಾಡುತ್ತಿರುವಾಗ ಮಗುವನ್ನು ಮಲಗಿಸಬಾರದು.

ಏಳನೆಯ ಹಂತ: ಕಡಿತ

ಕಡಿತವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವರ್ಣನೆ ಉದ್ದವಾಗಿ ಮಗುವಿನ ಕಣ್ಣು ಫ್ಯಾನಿನ ಕಡೆ ತಿರುಗಿತೆಂದರೆ ಎರಡು ಪ್ಯಾರಾಗಳನ್ನು ಎರಡು ವಾಕ್ಯ ಮಾಡಿ ದಾಟಿ. ಮರುರಾತ್ರಿ ಅಂಥದ್ದೇ ವರ್ಣನೆಯನ್ನು ಪೂರ್ತಿ ಓದಿ ನೋಡಿ. ಹಿಂದಿನ ದಿನ ದಣಿದಿದ್ದ ಮಗು ಇಂದು ಕೇಳೀತು. ಅಚ್ಚಾದ ಮೊಟಕು ಪುಸ್ತಕಕ್ಕೆ ಈ ಎರಡನೆಯ ಅವಕಾಶ ಇರುವುದಿಲ್ಲ. ಎರಡನ್ನು ಮಾತ್ರ ಎಂದೂ ಕಡಿಯಬೇಡಿ: ಏನೂ ನಡೆಯದೆ ಕಾಯುವ ಪುಟಗಳನ್ನು, ಮತ್ತು ಊಟದ ಪುಟಗಳನ್ನು. ಕಾಡಿನಲ್ಲಿ ಕಲ್ಲಿನ ಒಲೆ ಹೂಡಿ ಆಲೂಗಡ್ಡೆ, ಮೊಟ್ಟೆ ಸುಟ್ಟು ಉಪ್ಪು ಬೆಣ್ಣೆ ಹಚ್ಚಿ ತಿನ್ನುವ ‘ಸೀಕ್ರೆಟ್ ಗಾರ್ಡನ್’ನ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ನಮ್ಮ ಮನೆಯಲ್ಲಿ ಮೂರು ಸಲ ಓದಿಸಿಕೊಂಡಿದ್ದಾರೆ.

ಮಗು ತಾನಾಗಿ ಮುಂದಿನ ಪುಟಗಳನ್ನು ಹಗಲಲ್ಲಿ ಕದ್ದು ಓದಲು ಶುರು ಮಾಡಿದರೆ ಗದರಬೇಡಿ, ಗೊತ್ತಾದಂತೆ ತೋರಿಸಿಕೊಳ್ಳಲೂಬೇಡಿ. ರಾತ್ರಿಯ ಓದನ್ನು ಎಂದಿನಂತೆ ಮುಂದುವರಿಸಿ.

ಕೊನೆಯ ರಾತ್ರಿ

ಕೊನೆಯ ಅಧ್ಯಾಯವನ್ನು ಎಂದೂ ಎರಡು ರಾತ್ರಿಗೆ ಒಡೆಯಬೇಡಿ. ‘ಸೀಕ್ರೆಟ್ ಗಾರ್ಡನ್’ನ 27ನೆಯ ಅಧ್ಯಾಯಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ, ಊಟ ಬೇಗ ಮುಗಿಸಿ. ಅದರ ಮೊದಲ ಎರಡು ಪುಟ ಯೋಚನೆಗಳಿಗೆ ಎಷ್ಟು ಶಕ್ತಿಯಿದೆ ಎಂಬ ಪ್ರವಚನ. ನಾನು ಹೇಳಿದ ಕಡಿತದ ಹಕ್ಕನ್ನು ಅಲ್ಲಿ ಧಾರಾಳವಾಗಿ ಬಳಸಿ, ಬೇಗ ಇಟಲಿಯ ಸರೋವರದ ದಂಡೆಯಲ್ಲಿರುವ ಕಾಲಿನ್‌ನ ಅಪ್ಪನ ಬಳಿಗೆ ಹೋಗಿಬಿಡಿ. ಅಲ್ಲಿಂದ ಮುಂದೆ ಒಂದು ಸಾಲನ್ನೂ ಬಿಡಬೇಡಿ. ಹತ್ತು ವರ್ಷ ಬೀಗ ಹಾಕಿದ್ದ ಬಾಗಿಲಿನಿಂದ ಹುಡುಗ ಓಡಿ ಬಂದು ಅಪ್ಪನಿಗೆ ಡಿಕ್ಕಿ ಹೊಡೆಯುವಲ್ಲಿ ದನಿ ನಡುಗಿದರೆ ನಡುಗಲಿ, ನಿಲ್ಲಿಸಿ ನೀರು ಕುಡಿಯಬಹುದು. ಆದರೆ ಪುಸ್ತಕ ಮುಗಿಯುವುದು ಅಲ್ಲಿ ಅಲ್ಲ. ಬರ್ನೆಟ್ ನಮ್ಮನ್ನು ಅಡುಗೆಮನೆಯ ಕಡೆಗೆ ಕರೆದೊಯ್ದು, ಕೆಲಸದವರ ಜೊತೆ ಕಿಟಕಿಯಿಂದ ನೋಡಿಸುತ್ತಾರೆ. ಹುಲ್ಲುಹಾಸಿನ ಮೇಲೆ ದಣಿ ನಡೆದು ಬರುತ್ತಿದ್ದಾನೆ, ಪಕ್ಕದಲ್ಲಿ ಯಾರಿದ್ದಾರೆಂದು ಅವರಿಗೆ ಆಗಷ್ಟೇ ಕಾಣುತ್ತದೆ. ಆ ಕೊನೆಯ ಹೆಸರನ್ನು ಸಾದಾ ದನಿಯಲ್ಲಿ ಹೇಳಿ, ಪುಸ್ತಕ ಮುಚ್ಚಿ, ಏನನ್ನಿಸಿತು ಎಂದು ಕೇಳದೆ ದೀಪ ಆರಿಸಿ.